‘ಆರಾಮ ಅದೀನಿ’ ಅಂದವಳನ್ನು ನೋಡಿ ಬಂದದ್ದು

ಕೊಟ್ಟೂರು

ನಮ್ಮ ಕಡೆ ದೂರದಲ್ಲಿ ಇರುವವರಿಗೆ ಕೆಟ್ಟ ಸುದ್ದಿ ಹೇಳುವ ಪದ್ಧತಿ ಇಲ್ಲ. ನಮ್ಮ ಮಾವ ತೀರಿಕೊಂಡ ದಿನ ನಾನು ಕಬ್ಬಿಣದ ಶೀಟು ತರಲು ಹುಬ್ಬಳ್ಳಿಗೆ ಹೋಗಿದ್ದೆ. ಫೋನಿನಲ್ಲಿ ಹೇಳಿದ್ದು ಇಷ್ಟೇ: “ಮಾವಗ ಒಂಚೂರು ಆರಾಮಿಲ್ಲ, ಬಂದು ಹೋಗ್ರಿ.” ಹಿರೇಹಡಗಲಿಯಲ್ಲಿ ಬಸ್ಸಿಳಿದು ಓಣಿ ತಿರುಗಿದರೆ ಮನೆ ಮುಂದೆ ಸಾವಿನ ಹಲಗೆ ಬಡಿಯುತ್ತಿದ್ದರು. ಯಾರ ಮೇಲೂ ಸಿಟ್ಟು ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಹಾಗಾಗಿ ‘ಆರಾಮ’ ಅನ್ನುವ ಮಾತಿನ ಬೆಲೆ ನನಗೆ ಚೆನ್ನಾಗಿ ಗೊತ್ತು. ಆರಾಮ ಇದ್ದವರೂ ಆರಾಮ ಅನ್ನುತ್ತಾರೆ, ಇಲ್ಲದವರೂ ಆರಾಮ ಅನ್ನುತ್ತಾರೆ. ಎರಡೂ ಕಡೆ ಸಲ್ಲುವ ಮಾತಿನಿಂದ ತಿಳಿಯುವುದಾದರೂ ಏನು?

ನಮ್ಮ ಒಬ್ಬಳೇ ಮಗಳು ಸುಮಂಗಲಾ ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಕಿಡ್ನಿ ಕೆಟ್ಟವರಿಗೆ ಯಂತ್ರದಿಂದ ರಕ್ತ ಶುದ್ಧಿ ಮಾಡುವ ಕೋಣೆಯಲ್ಲಿ ಅವಳ ಕೆಲಸ. ಅವಳಿರುವ ಸೀಮೆಯ ಸುತ್ತ ದೊಡ್ಡ ದೊಡ್ಡ ದೇಶಗಳ ಜಗಳ ಶುರುವಾಯಿತು. ಯಾರದೋ ಕ್ಷಿಪಣಿ, ಯಾರದೋ ಮೇಲೆ, ಮತ್ಯಾರದೋ ನೆತ್ತಿಯ ಮೇಲಿಂದ. ಟಿವಿಯಲ್ಲಿ ದಿನಾ ಸಂಜೆ ಆಕಾಶ ಉರಿಯುತ್ತಿತ್ತು. ದಿನಾ ಸಂಜೆ ಸುಮಂಗಲಾ ಫೋನ್ ಮಾಡಿ “ನಾ ಆರಾಮ ಅದೀನಪ್ಪಾ” ಅನ್ನುತ್ತಿದ್ದಳು.

ನನ್ನ ಹೆಂಡತಿ ಶರಣಮ್ಮ ಟಿವಿ ನಂಬಿದಳು. ನಾನು ಟಿವಿಯನ್ನೂ ನಂಬಲಿಲ್ಲ, ಮಗಳನ್ನೂ ನಂಬಲಿಲ್ಲ. ನನ್ನದು ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟುವ ವೆಲ್ಡಿಂಗ್ ಶಾಪು. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಸುತ್ತಿಗೆ ಹಿಡಿದವನು. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ನಾನು ಕಟ್ಟಿದ ಟ್ರೇಲರು ಓಡಾಡುತ್ತವೆ. ಬೆಸುಗೆ ಮೇಲೆ ನೋಡಲು ಚಂದ ಇರುತ್ತದೆ, ಒಳಗೆ ಟೊಳ್ಳಿರುತ್ತದೆ. ಸುತ್ತಿಗೆಯಿಂದ ತಟ್ಟಿ, ಕಿವಿ ಕೊಟ್ಟು ಕೇಳಬೇಕು. ಫೋನಿನಲ್ಲಿ ಮಗಳನ್ನು ತಟ್ಟಿ ನೋಡುವುದು ಹೇಗೆ?

“ನಾನ ಹೋಗಿ ನೋಡ್ಕೊಂಡು ಬರ್ತೀನಿ” ಅಂದೆ.

“ನೋಡ್ಕೊಂಡು ಯಾಕ್ ಬರ್ತೀರಿ? ಕರ್ಕೊಂಡು ಬರ್ರಿ” ಅಂದಳು ಶರಣಮ್ಮ. ಗಂಟು ಕಟ್ಟಲು ಕುಂತಳು. ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಮನೆಯಲ್ಲೇ ಕುಟ್ಟಿದ ಖಾರ. ಕರೆದುಕೊಂಡು ಬರಬೇಕಾದವಳಿಗೆ ವರ್ಷಕ್ಕಾಗುವಷ್ಟು ಕಟ್ಟುತ್ತಿದ್ದಾಳೆ ಅನ್ನುವುದನ್ನು ನಾನು ನೋಡಿದೆ. ನನ್ನ ವಿಭೂತಿ ಗಟ್ಟಿಯನ್ನೂ ಅದರೊಳಗೆ ತುರುಕಿದೆ.

ವಿಮಾನ ಇಳಿದ ಮೇಲೆ

ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಭೂತಿ ಗಟ್ಟಿ.

ಚೀಲ ಬಿಚ್ಚಿದ ಅಧಿಕಾರಿ ಕೆಂಪು ಪುಡಿ ನೋಡಿದ, ಕಂದು ಪುಡಿ ನೋಡಿದ, ಕಪ್ಪು ಪುಡಿ ನೋಡಿದ. ಅಲ್ಲಿಯವರೆಗೆ ಅವನ ಮುಖ ಆರಾಮ ಇತ್ತು. ಬಿಳಿ ಗಟ್ಟಿ ಸಿಕ್ಕ ಕೂಡಲೇ ಇನ್ನಿಬ್ಬರನ್ನು ಕರೆದ. ಅವರಲ್ಲಿ ಒಬ್ಬನಿಗೆ ಹಿಂದಿ ಬರುತ್ತಿತ್ತು.

“ಇದೇನು?”

“ಬೂದಿ.”

“ಯಾವುದರ ಬೂದಿ?”

“ಹಸುವಿನ ಸಗಣಿ ಸುಟ್ಟದ್ದು.”

ಖರೆ ಹೇಳಿದೆ, ಕೆಲಸ ಇನ್ನಷ್ಟು ಕೆಟ್ಟಿತು. ದೇಶ ದಾಟಿ ಸಗಣಿಯ ಬೂದಿಯನ್ನು ಯಾರಾದರೂ ಹೊತ್ತು ತರುತ್ತಾರೆಯೇ ಎಂದು ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ನೀರು ಹಚ್ಚಿ ಹಣೆಗೆ ಮೂರು ಬೆರಳು ಎಳೆದು ತೋರಿಸಿದೆ. ಹಿಂದಿಯವನು ನಕ್ಕ. “ಹಣೆಗೆ ಹಚ್ಚಬಹುದು ಅಂತ ಗೊತ್ತಾಯಿತು ಚಾಚಾ, ಏನು ಅಂತ ಗೊತ್ತಾಗಲಿಲ್ಲವಲ್ಲ” ಅಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಕಡೆಗೆ ಒಂದು ಬಟ್ಟೆಯ ಚೂರನ್ನು ಗಟ್ಟಿಗೆ ಒರೆಸಿ ಒಂದು ಪೆಟ್ಟಿಗೆಯೊಳಗೆ ಇಟ್ಟರು. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ನನ್ನ ಮಾತನ್ನು ಯಂತ್ರ ನಂಬಿದ ಮೇಲೆ ಮನುಷ್ಯರೂ ನಂಬಿದರು.

ಹೊರಗೆ ಸುಮಂಗಲಾ ನಿಂತಿದ್ದಳು. ಸೊರಗಿದ್ದಾಳೆಯೇ, ಕಣ್ಣ ಕೆಳಗೆ ಕಪ್ಪಾಗಿದೆಯೇ ಎಂದು ನಾನು ನೋಡುವುದರೊಳಗೆ ಅವಳೇ ನನ್ನ ಹಣೆ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು.

“ಇದೇನಪ್ಪಾ, ಇಳಿದ ಕೂಡ್ಲೆ ಪೂಜಿ ಮಾಡೀಯೇನು?”

“ಪೂಜಿ ಅಲ್ಲವ್ವಾ, ಪುರಾವೆ” ಅಂದೆ.

ಮೂರನೇ ಮಹಡಿ

ಅವಳ ಮನೆ ಮೂರನೇ ಮಹಡಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಊರು ನಾನು ಎಣಿಸಿದ ಹಾಗೆ ಇರಲಿಲ್ಲ. ಟಿವಿಯಲ್ಲಿ ಉರಿಯುತ್ತಿದ್ದ ಆಕಾಶದ ಕೆಳಗೆ ಜನ ತರಕಾರಿ ಚೌಕಾಸಿ ಮಾಡುತ್ತಿದ್ದರು. ಮಕ್ಕಳು ಸಾಲಿಗೆ ಹೋಗುತ್ತಿದ್ದವು. ಅಲ್ಲಿಯ ಮನೆಯವರು ಗೋಡೆಯ ಹೊರಗೆ ತಣ್ಣೀರಿನ ಯಂತ್ರ ಇಟ್ಟಿರುತ್ತಾರೆ, ಹಾದು ಹೋಗುವ ಯಾರು ಬೇಕಾದರೂ ಕುಡಿಯಬಹುದು. ನಮ್ಮಲ್ಲಿ ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಹಾಗೆ. ಆದರೆ ನಮ್ಮ ಅರವಟ್ಟಿಗೆಯ ಲೋಟಕ್ಕೆ ಸರಪಳಿ ಇರುತ್ತದೆ. ಅಲ್ಲಿ ಲೋಟ ಸುಮ್ಮನೆ ಇತ್ತು. ನನಗೆ ಒಂಚೂರು ನಾಚಿಕೆಯಾಯಿತು.

ಶರಣಮ್ಮನಿಗೆ ಫೋನ್ ಮಾಡಿ ತಣ್ಣೀರಿನ ಸುದ್ದಿ ಹೇಳಿದೆ. ಅವಳು, “ನಿಮಗ ಹಂಗ ಹೇಳಂತ ಆಕಿ ಹೇಳಿರಬೇಕು” ಅಂದಳು. ಅಲ್ಲಿಗೆ ನನ್ನ ಮಾತೂ ಸಂಶಯದ ಲೆಕ್ಕಕ್ಕೆ ಸೇರಿತು.

ಎಲ್ಲಾ ಸರಿಯಾಗಿತ್ತು, ಒಂದನ್ನು ಬಿಟ್ಟು. ಬಾಗಿಲ ಪಕ್ಕದಲ್ಲಿ ಒಂದು ಕರೇ ಬ್ಯಾಗು. ಉಬ್ಬಿತ್ತು, ಜಿಪ್ಪು ಹಾಕಿತ್ತು.

“ಇದೇನವ್ವಾ?”

“ಹಳೇ ಅರಿವಿ ಅಪ್ಪಾ. ಇಸ್ತ್ರಿಗೆ ಕೊಡಬೇಕು.”

ಬಹಳ ಬೇಗ ಹೇಳಿದಳು. ಟೊಳ್ಳು ಬೆಸುಗೆಯ ಸದ್ದು ನನ್ನ ಕಿವಿಗೆ ಬಿತ್ತು.

ಸಂತೆಯಂಥ ಬೀದಿ

ಅವಳು ಕೆಲಸಕ್ಕೆ ಹೋದಾಗ ನನ್ನನ್ನು ಕೆಳಗಿನ ಲಾಂಡ್ರಿಯ ಖಾದರ್ ಸಾಬರ ಹವಾಲಿ ಮಾಡಿ ಹೋಗುತ್ತಿದ್ದಳು. ರಾಯಚೂರು ಕಡೆಯವರು. ಗಡ್ಡ ಬೆಳ್ಳಗಾಗಿದೆ, ಕನ್ನಡ ಮಾತ್ರ ನಿನ್ನೆ ಬಸ್ಸು ಹತ್ತಿ ಬಂದವರ ಹಾಗೆ ಇದೆ. ಒಂದು ಬೆಳಿಗ್ಗೆ ಖರ್ಜೂರದ ಬೀದಿ ತೋರಿಸಲು ಕರೆದುಕೊಂಡು ಹೋದರು. ಹರಪನಹಳ್ಳಿ ಸಂತೆಯಲ್ಲಿ ಮೆಣಸಿನಕಾಯಿ ಸುರಿದ ಹಾಗೆ ಅಲ್ಲಿ ಖರ್ಜೂರ ಸುರಿದಿದ್ದರು.

ಆಗ ಆಕಾಶವೇ ಬಾಯಿ ತೆರೆದು ಅತ್ತ ಹಾಗೆ ಸೈರನ್ ಕೂಗಿತು.

ನಾನು ಖರ್ಜೂರದ ತಳ್ಳುಗಾಡಿಯ ಕೆಳಗೆ ನುಗ್ಗಿದೆ. ಹೇಗೆ ನುಗ್ಗಿದೆನೋ ಗೊತ್ತಿಲ್ಲ, ನನ್ನ ಗಾತ್ರದ ಮನುಷ್ಯ ನುಗ್ಗುವ ಜಾಗ ಅದಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರೆ ಸುತ್ತ ಕಾಲುಗಳು. ಓಡುವ ಕಾಲುಗಳಲ್ಲ, ವ್ಯಾಪಾರ ಮಾಡುವ ಕಾಲುಗಳು. ಖಾದರ್ ಸಾಬರು ಬಗ್ಗಿ ನೋಡಿದರು.

“ಹೊರಗ ಬರ್ರಿ ಯಜಮಾನ್ರ. ಅದು ಪರೀಕ್ಷಾ ರೀ. ಸೈರನ್ ಕೆಟ್ಟೈತೋ ನೆಟ್ಟಗೈತೋ ಅಂತ ತಿಂಗಳಿಗೊಮ್ಮಿ ಹಿಂಗ ಮುಂಜಾನೆ ಊದಿ ನೋಡ್ತಾರ. ಮುಂಜಾನೆ ಅಷ್ಟ, ಬ್ಯಾರೆ ಹೊತ್ತಿನ್ಯಾಗ ಇಲ್ಲ.”

ತಳ್ಳುಗಾಡಿಯವನು ಏನೂ ಆಗದವನ ಹಾಗೆ ನನ್ನ ಕೈಗೆ ಒಂದು ಖರ್ಜೂರ ಕೊಟ್ಟ. ಮಾನ ಹೋದವನಿಗೆ ಸಿಹಿ ಕೊಡುವುದು ಅಲ್ಲಿಯ ಪದ್ಧತಿಯೋ ಏನೋ. ಬಹಳ ಚೆನ್ನಾಗಿತ್ತು.

ಆಮೇಲೆ ಸಣ್ಣ ಗಾಜಿನ ಲೋಟದಲ್ಲಿ ಚಹಾ ಕುಡಿಯುತ್ತ, ನನ್ನ ಮನಸ್ಸಿನಲ್ಲಿದ್ದದ್ದನ್ನು ಅವರ ಮುಂದೆ ಇಟ್ಟೆ. ಮಗಳು ಹೇಳುವುದು ಖರೆಯೋ ಸುಳ್ಳೋ ತಿಳಿಯುವುದು ಹೇಗೆ?

ಖಾದರ್ ಸಾಬರು ನಕ್ಕರು. ಹರೆಯದಲ್ಲಿ ಅವರು ಗಡಿಯ ಆಚೆಯ ದೇಶದಲ್ಲಿ ಗಾಡಿ ಓಡಿಸುತ್ತಿದ್ದರಂತೆ. ಆ ದೇಶದಲ್ಲಿ ಭಯಂಕರ ಆಯುಧ ಬಚ್ಚಿಟ್ಟಿದ್ದಾರೆಂದು ಹೊರಗಿನ ದೇಶಗಳಿಗೆ ಸಂಶಯ. ಹುಡುಕಲು ಬಂದ ಸಾಹೇಬರ ಗಾಡಿಗೆ ಇವರು ಡ್ರೈವರು.

“ಅವ್ರು ಗೋದಾಮಿನ ಬಾಗಿಲಿಗೆ ತಂತಿ ಕಟ್ಟಿ ಮುದ್ರಿ ಒತ್ತಿ ಹೋಗ್ತಿದ್ರು. ಮುಂದಿನ ಸಲ ಬಂದು ಮೊದ್ಲ ಆ ಮುದ್ರಿ ನೋಡ್ತಿದ್ರು. ಒಡದಿದ್ರ ಯಾರೋ ಒಳಗ ಹೋಗ್ಯಾರ ಅಂತ.”

“ಇದು ನಮ್ಮಲ್ಲೂ ಐತ್ರೀ!” ಅಂದೆ. ನನ್ನ ದನಿ ಎಷ್ಟು ಏರಿತೆಂದರೆ ಪಕ್ಕದ ಮೇಜಿನವರು ತಿರುಗಿ ನೋಡಿದರು. ನಮ್ಮಪ್ಪ ಕಣದಲ್ಲಿ ಜೋಳದ ರಾಶಿ ಮಾಡಿದ ಮೇಲೆ, ಮನೆಗೆ ತರುವವರೆಗೆ, ರಾಶಿಯ ಮೈಮೇಲೆ ಬೂದಿ ತುಂಬಿದ ಬಟ್ಟೆಯ ಗಂಟನ್ನು ಅಲ್ಲಲ್ಲಿ ತಟ್ಟುತ್ತಿದ್ದ. ಯಾರಾದರೂ ಒಂದು ಬೊಗಸೆ ಕಾಳು ತೆಗೆದರೂ ರಾಶಿ ಜಾರಿ ಬೂದಿಯ ಗುರುತು ಕದಡುತ್ತದೆ. ಅದಕ್ಕೆ ನಾವೂ ಮುದ್ರಿ ಅಂತಲೇ ಅನ್ನುತ್ತೇವೆ.

“ಹಂಗಾರ ನಿಮಗ ಅರ್ಥ ಆಗ್ತೈತಿ” ಅಂದರು ಖಾದರ್ ಸಾಬರು. “ಆದ್ರ ಮುದ್ರಿ ಹೇಳೋದು ಒಂದ ಮಾತು. ಯಾರೂ ಮುಟ್ಟಿಲ್ಲ, ಅಷ್ಟ. ರಾಶಿ ಒಳಗ ಜೋಳ ಐತೋ ಕಲ್ಲೈತೋ, ಅದನ್ನ ಮುದ್ರಿ ಹೇಳೂದಿಲ್ಲ.”

“ಆಮ್ಯಾಲೆ ಏನಾತ್ರೀ? ಆಯುಧ ಸಿಕ್ತೇನು?”

“ಎಲ್ಲಿ ಸಿಗ್ತೈತ್ರೀ. ಹುಡುಕಿದ್ರು, ಅಗದ್ರು, ಇಲ್ಲ. ಸಿಗಲಿಲ್ಲ ಅಂದ್ರ ಚಲೋ ಮುಚ್ಚಿಟ್ಟಾರ ಅಂದ್ರು ದೊಡ್ಡ ದೇಶದವ್ರು. ಇಲ್ಲ ಅಂದಷ್ಟೂ ಸಂಶೇ ಜಾಸ್ತಿ ಆತು. ಕಡೀಕ ಯುದ್ಧನ ಆಗಿ ಹೋತು.”

“ಇಲ್ಲದ್ದನ್ನ ಇಲ್ಲ ಅಂತ ಹೆಂಗ ತೋರಿಸಬೇಕ್ರೀ ಪಾಪ?”

“ಅದನ್ನ ನಿಮ್ಮ ಮಗಳನ್ನ ಕೇಳ್ರಿ” ಅಂದರು ಅವರು, ಲೋಟ ಕೆಳಗಿಟ್ಟು. “ದಿನಾ ನಿಮಗ ಅದನ್ನ ತೋರಿಸ್ಲಿಕ್ಕೆ ಹೆಣಗ್ತಾಳ ಪಾಪ.”

ಬ್ಯಾಗಿನ ಮುದ್ರೆ

ಆ ಮಾತು ನನ್ನನ್ನು ಚುಚ್ಚಿತು, ಆದರೆ ತಿದ್ದಲಿಲ್ಲ. ಮಗಳು ಸ್ನಾನಕ್ಕೆ ಹೋದಾಗ ಕರೇ ಬ್ಯಾಗಿನ ಜಿಪ್ಪಿನ ಮೇಲೆ ವಿಭೂತಿಯನ್ನು ತೆಳ್ಳಗೆ ಸವರಿದೆ. ಹಳೇ ಅರಿವೆಯೇ ಆಗಿದ್ದರೆ ಇಸ್ತ್ರಿಗೆ ಹೋಗಬೇಕು. ಅಲ್ಲದಿದ್ದರೆ ಯಾವಾಗಲೋ ಬಿಚ್ಚಬೇಕು. ಎರಡೂ ಆಗದೆ ಬಾಗಿಲಲ್ಲೇ ಕುಂತಿದ್ದರೆ ಅದು ಓಡಲು ಕಟ್ಟಿಟ್ಟ ಗಂಟು.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ನಾನು ಸವರಿದ ಕಡೆ ಬೂದಿಯೇ ಇಲ್ಲ. ಅದರ ಬದಲಿಗೆ ಬ್ಯಾಗಿನ ಹೊಟ್ಟೆಯ ಮೇಲೆ ಅಚ್ಚುಕಟ್ಟಾಗಿ ಎಳೆದ ಮೂರು ಗೆರೆ, ನಡುವೆ ಒಂದು ಕುಂಕುಮದ ಬೊಟ್ಟು. ಬ್ಯಾಗು ಮಠದಿಂದ ಬಂದ ಸ್ವಾಮಿಗಳ ಹಾಗೆ ಕುಂತಿತ್ತು.

ಸುಮಂಗಲಾ ಅಡುಗೆಮನೆಯಿಂದಲೇ ಕೂಗಿದಳು. “ಅಪ್ಪಾ, ನನ್ನ ಬ್ಯಾಗಿಗೆ ರಾಶಿ ಮುದ್ರಿ ಹಾಕೀಯಲ್ಲ, ನಾನೇನು ನಿನ್ನ ಕಣದಾಗ ಕದಿಯಾಕ ಬಂದ ಕಳ್ಳಿಯೇನು? ಮುತ್ಯಾನ ಹೆಗಲ ಮ್ಯಾಲೆ ಕುಂತು ಕಣಕ್ಕ ಹೋದಾಕಿ ನಾನು. ನನಗ ಗೊತ್ತಾಗಂಗಿಲ್ಲೇನು?”

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಕೈ ಒರೆಸಿಕೊಂಡು ಬಂದು ತಾನೇ ಜಿಪ್ಪು ಎಳೆದಳು. ಪಾಸ್‌ಪೋರ್ಟು, ನೀರಿನ ಬಾಟಲಿ, ಬ್ಯಾಟರಿ, ಔಷಧ, ಬಿಸ್ಕೀಟು. ಎಲ್ಲಕ್ಕಿಂತ ಅಡಿಯಲ್ಲಿ ಶರಣಮ್ಮನ ಹಳೇ ಇಳಕಲ್ಲು ಸೀರೆ. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದಳು.

“ಎಲ್ಲಾ ಮನಿಯಾಗೂ ಇಂಥಾದ್ದೊಂದು ಐತಪ್ಪಾ. ಆಪತ್ತಿಗೆ ಇರ್ಲಿ ಅಂತ ಆಸ್ಪತ್ರಿಯವರ ಹೇಳ್ಯಾರ.”

“ಮತ್ತ ಹಳೇ ಅರಿವಿ ಅಂದಿ?”

“ಸೀರಿ ಹಳೇದ ಐತಲ್ಲ.”

“ಸುಮಾ…”

“ಖರೆ ಹೇಳಿದ್ರ ನೀವಿಬ್ರೂ ಉಣ್ತಿದ್ರೇನು? ಮಲಗ್ತಿದ್ರೇನು?” ಅಂದಳು. “ಊರಿಗೆ ನಡಿಯವ್ವಾ” ಎಂದು ಕೇಳಲು ಅದೇ ಸರಿಯಾದ ಹೊತ್ತು. ನಾಲಿಗೆಯ ತುದಿಗೆ ಬಂತು. ಅವಳು ಸೀರೆಯನ್ನು ಮೂಗಿಗೆ ಹಿಡಿದು ಒಂದು ಸಲ ವಾಸನೆ ನೋಡಿ ಮತ್ತೆ ಅಡಿಗೆ ಇಟ್ಟಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಸಮುದ್ರದ ದಂಡೆ

ಹೊರಡುವ ಎರಡು ದಿನ ಮೊದಲು, ಸಂಜೆ ಒಬ್ಬನೇ ಸಮುದ್ರದ ದಂಡೆಗೆ ಹೋದೆ. ಮಗಳಿಗೆ ಸಂಜೆ ಪಾಳಿ ಇತ್ತು. ಕಟ್ಟೆಯ ಮೇಲೆ ಕುಂತು ಶೇಂಗಾ ಸುಲಿಯುತ್ತಿದ್ದೆ. ನಮ್ಮ ಕಡೆಯ ಕೆರೆಗಳು ಬೇಸಿಗೆಯಲ್ಲಿ ತಳ ಕಾಣುತ್ತವೆ. ಈ ನೀರಿಗೆ ತುದಿಯೇ ಇಲ್ಲ, ಆದರೆ ಒಂದು ಗುಟುಕು ಕುಡಿಯಲು ಬರುವುದಿಲ್ಲ. ಹೂವಿನಹಡಗಲಿಯಲ್ಲಿ ಈ ಹೊತ್ತಿಗೆ ಮಲ್ಲಿಗೆ ಮೊಗ್ಗು ಬುಟ್ಟಿ ತುಂಬಿ ಬಸ್‌ಸ್ಟ್ಯಾಂಡಿಗೆ ಬರುತ್ತಿರುತ್ತದೆ ಅಂತ ನೆನಪಾಯಿತು. ಆ ವಾಸನೆ ಇಲ್ಲದೆ ಸಂಜೆ ಆದದ್ದೇ ತಿಳಿಯುವುದಿಲ್ಲ. ನನ್ನ ಮಗಳು ಇಷ್ಟು ವರ್ಷ ಇಂಥ ಸಂಜೆಗಳನ್ನು ಹೇಗೆ ಕಳೆದಳೋ.

ಸೈರನ್ ಕೂಗಿತು.

ನಾನು ಅಲುಗಲಿಲ್ಲ. ಒಮ್ಮೆ ತಳ್ಳುಗಾಡಿಯ ಕೆಳಗೆ ಹೊಕ್ಕವನು ಮತ್ತೆ ಹೊಗಲಿಕ್ಕೆ ತಯಾರಿರಲಿಲ್ಲ. ಜನ ಏಳುತ್ತಿದ್ದರು. ಎರಡು ಮಕ್ಕಳ ಕೈ ಹಿಡಿದ ಒಬ್ಬಳು ಹೆಣ್ಣುಮಗಳು ನನ್ನ ಮುಂದೆ ಓಡಿ ಬಂದಳು. ಸಮಾಧಾನ ಮಾಡೋಣ ಎಂದು ಕೈಯೆತ್ತಿ “ಟೆಸ್ಟ್, ಟೆಸ್ಟ್” ಅಂದೆ. ಅವಳು ಒಂದು ಕ್ಷಣ ನಿಂತು ನನ್ನನ್ನು ನೋಡಿದಳು. ಮಕ್ಕಳ ಕೈಯನ್ನು ಒಂದೇ ಮುಷ್ಟಿಗೆ ಸೇರಿಸಿ, ಇನ್ನೊಂದು ಕೈಯಿಂದ ನನ್ನ ಅಂಗಿಯ ತೋಳು ಹಿಡಿದು ಜಗ್ಗಿದಳು. ಶೇಂಗಾ ಚೆಲ್ಲಿತು. ರಸ್ತೆಯ ಕೆಳಗಿನ ನಡೆದಾರಿಯೊಳಗೆ ನಮ್ಮನ್ನೆಲ್ಲ ತಳ್ಳಿಕೊಂಡು ಹೋದಳು.

ಅಲ್ಲಿ ನಿಂತ ಮೇಲೆ ನೆನಪಾಯಿತು. ಮುಂಜಾನೆ ಅಷ್ಟ, ಬ್ಯಾರೆ ಹೊತ್ತಿನ್ಯಾಗ ಇಲ್ಲ.

ಎಲ್ಲೋ ಬಹಳ ಎತ್ತರದಲ್ಲಿ ಸದ್ದಾಯಿತು. ದೂರದ ಗುಡುಗಿನ ಹಾಗೆ, ಆದರೆ ಗುಡುಗಿನ ಹಾಗೆ ಉರುಳಲಿಲ್ಲ, ಒಮ್ಮೆಗೇ ನಿಂತಿತು. ಸಣ್ಣ ಮಗು ನನ್ನ ಹೆಬ್ಬೆರಳು ಹಿಡಿದುಕೊಂಡಿತ್ತು. ನಾನು ಮಗಳಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಮತ್ತೆ ಹಚ್ಚಿದೆ, ಹತ್ತಲಿಲ್ಲ. ಸೈರನ್ ಕೂಗಿದರೆ ನಾನಾದರೂ ಓಡಬಹುದು. ರಕ್ತವೆಲ್ಲ ಯಂತ್ರದೊಳಗೆ ಹರಿಯುತ್ತಿರುವ ರೋಗಿ ಎದ್ದು ಓಡುವುದು ಹೇಗೆ? ಅವನ ಪಕ್ಕದಲ್ಲಿ ನಿಂತವಳು ಓಡುವುದು ಹೇಗೆ? ಅಷ್ಟು ದಿನ ಅವಳ ಮನೆಯಲ್ಲಿದ್ದೆ, ಬ್ಯಾಗು ನೋಡಿದೆ, ಜಿಪ್ಪು ನೋಡಿದೆ, ಇದನ್ನು ಮಾತ್ರ ಕೇಳಿರಲಿಲ್ಲ.

ಆಗ ಫೋನ್ ಕೂಗಿತು. ಶರಣಮ್ಮ.

“ಏನ್ರಿ, ಟಿವಿಯಾಗ ತೋರಿಸಾಕ ಹತ್ಯಾರ! ಎಲ್ಲಿ ಅದೀರಿ? ಸುಮಾ ಎಲ್ಲಿ?”

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. “ಆರಾಮ ಅದೀವಿ. ಸಮುದ್ರದ ದಂಡಿಗೆ ಕುಂತೀನಿ. ಆಕಿನೂ ಆರಾಮ ಅದಾಳ. ಅದು ಪರೀಕ್ಷಾ ಐತಿ, ಇಲ್ಲಿ ತಿಂಗಳಿಗೊಮ್ಮಿ ಊದ್ತಾರ.”

ಹೇಳಿದ ಮೇಲೆ ನನ್ನ ದನಿಯನ್ನು ನಾನೇ ಕೇಳಿದೆ. ಗಟ್ಟಿಯಾಗಿತ್ತು, ನಡುಕವಿರಲಿಲ್ಲ. ಯಾರು ತಟ್ಟಿ ನೋಡಿದರೂ ಟೊಳ್ಳು ಅನ್ನುತ್ತಿರಲಿಲ್ಲ.

ಆಸ್ಪತ್ರೆ

ಅಪಾಯ ಕಳೆಯಿತು ಎನ್ನುವ ಸೈರನ್ ಆದ ಮೇಲೆ ಟ್ಯಾಕ್ಸಿ ಹಿಡಿದು ಹೋದೆ. ಊರೊಳಗೆ ಏನೂ ಬಿದ್ದಿರಲಿಲ್ಲ. ಯಾರೋ ಹಾರಿಸಿದ್ದನ್ನು ಇನ್ಯಾರೋ ಆಕಾಶದಲ್ಲೇ ಒಡೆದರು ಎಂದು ಟ್ಯಾಕ್ಸಿಯವನು ಹೇಳಿದ. ಆಸ್ಪತ್ರೆಯ ಬಾಗಿಲ ಹತ್ತಿರ ಬಂದಾಗ ಅವನು, ಹಾಗಲ್ಲ, ಅದು ಇನ್ನೇನೋ ಅಂತೆ ಅಂದ. ನಾನು ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ.

ಒಳಗೆ ಬಿಡಲಿಲ್ಲ. ಗಾಜಿನ ಬಾಗಿಲ ಹೊರಗೆ ನಿಂತು ನೋಡಿದೆ. ಸಾಲಾಗಿ ಮಂಚಗಳು, ಪ್ರತಿಯೊಂದಕ್ಕೂ ಒಂದು ಯಂತ್ರ. ಒಬ್ಬ ಮುದುಕನ ಕೈಯನ್ನು ನನ್ನ ಮಗಳು ತನ್ನ ಎರಡೂ ಕೈಯಲ್ಲಿ ಹಿಡಿದು ಏನೋ ಹೇಳುತ್ತಿದ್ದಳು. ಅರಬ್ಬಿಯಲ್ಲಿ ಹೇಳುತ್ತಿದ್ದಿರಬೇಕು. ತುಟಿಯ ಓಡಾಟ ನೋಡಿಯೇ ನನಗೆ ಗೊತ್ತಾಯಿತು. ಆರಾಮ, ಎಲ್ಲಾ ಆರಾಮ, ಏನೂ ಆಗಿಲ್ಲ. ಆ ಮುದುಕನ ಕಣ್ಣು ಮುಚ್ಚಿತು. ಎದೆ ನಿಧಾನಕ್ಕೆ ಏರಿ ಇಳಿಯಿತು. ಅವನು ನಂಬಿದ್ದ.

ಅವಳು ತಲೆ ಎತ್ತಿ ನನ್ನನ್ನು ಕಂಡು ಕೈ ಆಡಿಸಿದಳು. ನಾನೂ ಆಡಿಸಿದೆ.

ಆ ಸಂಜೆ ಶರಣಮ್ಮನ ಮಾತು ನನ್ನ ಹೆಗಲ ಮೇಲೆ ಕುಂತಿತ್ತು. ಕರ್ಕೊಂಡು ಬರ್ರಿ. ನನ್ನ ಶಾಪಿನಲ್ಲಿ ಅರ್ಧ ಬೆಸುಗೆ ಹಾಕಿದ ಟ್ರೇಲರ್ ಬಿಟ್ಟು ಊಟಕ್ಕೆ ಎದ್ದು ಬಾ ಅಂದರೂ ನಾನು ಏಳುವವನಲ್ಲ. ಅವಳು ಅಂಥವನ ಮಗಳು. ಕೇಳಿದ್ದರೆ ಬರುತ್ತಿದ್ದಳೋ ಏನೋ. ಕೇಳಲಿಲ್ಲ.

ವಿಮಾನ ನಿಲ್ದಾಣದಲ್ಲಿ ಇಷ್ಟು ಹೇಳಿದೆ. “ಸುಮಾ, ಇನ್ನ ಫೋನ್ ಮಾಡಿದ್ರ ಆರಾಮ ಅನಬ್ಯಾಡ.”

“ಮತ್ತೇನನ್ನಲಿ?”

“ಏನೂ ಅನಬ್ಯಾಡ. ಸಂಜಿ ಮನಿಯಾಗಿದ್ದ ದಿನ ರೊಟ್ಟಿ ಬಡಿತೀಯಲ್ಲ, ಮಗ್ಗಲದಾಗ ಫೋನ್ ಇಡು. ಅಷ್ಟ ಸಾಕು.”

ಅವಳು ನಕ್ಕಳು. ನಗು ಅರ್ಧಕ್ಕೆ ನಿಂತಿತು. ನನ್ನ ಹೆಗಲಿಗೆ ತಲೆ ಇಟ್ಟಳು.

ಮತ್ತೆ ಕೊಟ್ಟೂರು

ಬರಿಗೈಲಿ ಬಂದವನನ್ನು ಶರಣಮ್ಮ ಎಂಟು ದಿನ ಮಾತಾಡಿಸಲಿಲ್ಲ. ಒಂಬತ್ತನೇ ದಿನ ಫೋನಿನಲ್ಲಿ ರೊಟ್ಟಿಯ ಸದ್ದು ಬಂತು.

ಸುಮಂಗಲಾ ರೊಟ್ಟಿ ಬಡಿಯುವುದರಲ್ಲಿ ಒಂದು ಲಯ ಇದೆ. ಮೊದಲು ಮೆಲ್ಲಗೆ, ಆಮೇಲೆ ಜೋರು, ತಿರುಗಿಸುವಾಗ ಒಂದು ಗಳಿಗೆ ನಿಲ್ಲುತ್ತದೆ, ಕಡೆಗೆ ಬೇಕಿಲ್ಲದಿದ್ದರೂ ಒಂದು ಪೆಟ್ಟು ಹೆಚ್ಚಿಗೆ. ಆ ಹೆಚ್ಚಿನ ಪೆಟ್ಟಿಗಾಗಿ ಅವಳು ತಾಯಿಯಿಂದ ಬಹಳ ಬೈಸಿಕೊಂಡಿದ್ದಾಳೆ. ಈಗ ಶರಣಮ್ಮ ಆ ಪೆಟ್ಟು ಬರುವವರೆಗೆ ಉಸಿರು ಹಿಡಿದು ಕೂರುತ್ತಾಳೆ. ಬಂದ ಮೇಲೆ “ಕಲೀಲಿಲ್ಲ ಇನ್ನಾ” ಎಂದು ಬೈದು ಕಣ್ಣೊರೆಸಿಕೊಳ್ಳುತ್ತಾಳೆ.

ಮೊನ್ನೆ ಸಂಜೆಯೂ ಹಾಗೆ ಕುಂತಿದ್ದೆವು. ಎರಡನೇ ರೊಟ್ಟಿ ನಡೆದಿತ್ತು. ಅದರ ಹಿಂದಿನಿಂದ, ದೂರದಿಂದ, ಆ ಸೈರನ್ನಿನ ಸದ್ದು ಏಳತೊಡಗಿತು. ರೊಟ್ಟಿಯ ಸದ್ದು ನಿಲ್ಲಲಿಲ್ಲ.

ಶರಣಮ್ಮ ನನ್ನ ಮುಖ ನೋಡಿದಳು. “ಅದೇನ್ರಿ? ಆ ಪರೀಕ್ಷಾದ್ದೇನು?”

ಪರೀಕ್ಷೆ ಬೆಳಿಗ್ಗೆ ಮಾತ್ರ ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ.

“ಹೂಂ. ಪರೀಕ್ಷಾದ್ದ” ಅಂದೆ.

ಅವಳು ಫೋನಿನ ಹತ್ತಿರಕ್ಕೆ ಸರಿದಳು. ಅಲ್ಲಿ ಹಿಟ್ಟು ಸರ್ರನೆ ತಿರುಗಿತು. ತಟ್, ತಟ್, ತಟ್. ಒಂದು ಗಳಿಗೆ ನಿಂತಿತು. ನಾವಿಬ್ಬರೂ ಆ ಒಂದು ಹೆಚ್ಚಿನ ಪೆಟ್ಟಿಗಾಗಿ ಕಾದೆವು.